ರುದ್ರನ ಕಾಲಿಗೆ ಕಾಫಿಪುಡಿ

ಇವತ್ತು ಬೆಳಿಗ್ಗೆ ಬೀನ್ಸ್ ಹೆಚ್ಚುತ್ತಾ ನನ್ನ ತಮ್ಮನ ಹೆಂಡತಿ ಮಂಗಳ ಬೆರಳು ಕುಯ್ದುಕೊಂಡಳು. ನನ್ನ ಕೈ ತಾನಾಗಿಯೇ ಕಾಫಿಪುಡಿ ಡಬ್ಬಿಗೆ ಹೋಯಿತು. ಮುಚ್ಚಳ ತೆಗೆದೊಡನೆ ವಾಸನೆ ಮೂಗಿಗೆ ಬಡಿಯಿತು. “ಬ್ಯಾಡ ಅತ್ಗೆ, ನಿಮ್ಮ ತಮ್ಮನ ಡಾಕ್ಟರಿಕೆ ನಂಗೆ ಬ್ಯಾಡ” ಎಂದು ನಗುತ್ತಾ ಬೆರಳನ್ನು ನಲ್ಲಿಯ ಕೆಳಗೆ ಹಿಡಿದಳು. ಅಲ್ಲೇ ಕೂತು ತಿಂಡಿ ತಿನ್ನುತ್ತಿದ್ದ ನನ್ನ ತಮ್ಮ ರುದ್ರನೂ ನಕ್ಕ.

ಈ ನಗು ಏಕೆಂದು ನಿಮಗೆ ಹೇಳಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಅವ್ವ ಹೋದ ಮೇಲೆ ಮನೆಗೆ ವೈದ್ಯಳು ನಾನೇ. ನಮ್ಮ ಕಡೆ ಕತ್ತಿ ತಾಗಿದರೆ ಗಾಯಕ್ಕೆ ಒಂದು ಚಿಟಿಕೆ ಕಾಫಿಪುಡಿ ಒತ್ತುವುದು ವಾಡಿಕೆ; ರಕ್ತ ನಿಲ್ಲುತ್ತದೆ. ನನ್ನದು ಚಿಟಿಕೆಯಲ್ಲ, ಹಿಡಿ. ಧಾರಾಳ ಕೈ ಎಂಬ ಹೆಮ್ಮೆ ಬೇರೆ.

ತೊಂಬತ್ತರ ದಶಕದ ಕೊನೆಯ ಮಾತು. ಕೆ. ಹೊಸಕೋಟೆ ಕಡೆಯ ನಮ್ಮ ಎರಡೆಕರೆ ತೋಟದಲ್ಲಿ ರುದ್ರ ಮೆಣಸು ಕೊಯ್ಯುತ್ತಿದ್ದ. ಬಿದಿರಿನ ಒಂಟಿ ಏಣಿ ಜಾರಿ ಬಂಡೆಯ ಮೇಲೆ ಬಿದ್ದ. ಕಣಕಾಲಿನ ಮೂಳೆ, ಪಾದಕ್ಕೆ ಅರ್ಧ ಗೇಣು ಮೇಲೆ ಮುರಿದು, ಚರ್ಮ ಸೀಳಿ ಹೊರಗೆ ಬಂದಿತ್ತು. ನಾನು ಓಡಿಹೋಗಿ ಡಬ್ಬಿ ತಂದೆ.

“ಅಕ್ಕ, ಮೂಳೆ ಕಾಣ್ತೈತೆ ಕಣೇ, ಬ್ಯಾಡ.”

“ಸುಮ್ನಿರೋ, ನಿಂಗೇನ್ ಗೊತ್ತು” ಎಂದು ಎರಡು ಹಿಡಿ ತುಂಬಿ, ಪಂಚೆ ಹರಿದು ಕಟ್ಟಿದೆ.

ಜೀಪಿನಲ್ಲಿ ಹಾಸನಕ್ಕೆ ಹೋದೆವು. ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿದಾಗ ಮೂಳೆಯ ಸುತ್ತ ಪುಡಿ ಕೆಸರಾಗಿತ್ತು. “ಇದನ್ನ ತುಂಬಿದ ಪುಣ್ಯಾತ್ಮ ಯಾರು?” ಎಂದು ಡಾಕ್ಟರು ಕೂಗಿದರು. ನಾನು ಗೋಡೆಯ ಕಡೆ ಸರಿದೆ. ಹಲ್ಲು ಕಚ್ಚಿ ಮಲಗಿದ್ದ ರುದ್ರ ನನ್ನ ಮುಖ ನೋಡಿದ. “ನಾನೇ ಸಾ, ರಕ್ತ ನಿಲ್ಲಲಿ ಅಂತ” ಎಂದ. ಬೈಗುಳವೆಲ್ಲ ಅವನಿಗೇ ಸಿಕ್ಕಿತು.

ಸ್ಟೀಲ್ ಪ್ಲೇಟು ಇಟ್ಟು ಸ್ಕ್ರೂ ಬಿಗಿಯಬೇಕು, ಆದರೆ ಗಾಯ ಚೊಕ್ಕಟವಾಗದೆ ಇಡುವಂತಿಲ್ಲ ಎಂದರು. ಹೊರಗಿನಿಂದ ಸರಳು ಹಾಕಿ ಕಾಲನ್ನು ಹಿಡಿಸಿ, ಮೂರು ಸಲ ತೊಳೆದರು. ಆಮೇಲೆ ಪ್ಲೇಟು ಇಟ್ಟರು. ಎರಡು ತಿಂಗಳಿಗೆ ಕೀವು ಬಂತು. ಮೂಳೆ ಕೂಡುವ ತನಕ ಹೇಗೋ ಕಾದು ಪ್ಲೇಟು ತೆಗೆದರು. ಪುಡಿ ಹಾಕದಿದ್ದರೂ ಕೀವಾಗಬಹುದಿತ್ತು ಎಂದು ಒಬ್ಬ ನರ್ಸ್ ಹೇಳಿದ್ದಳು. ಆ ಒಂದು ಮಾತನ್ನು ನಾನು ಬಹಳ ವರ್ಷ ಜೋಪಾನ ಮಾಡಿದೆ. ರುದ್ರನ ಪಾದ ಇವತ್ತಿಗೂ ಸರಿಯಾಗಿ ಮಡಚುವುದಿಲ್ಲ.

ಊರಲ್ಲಿ ಅವನಿಗೆ ‘ಫಿಲ್ಟರ್ ರುದ್ರ’ ಎಂದು ಹೆಸರು ಬಿತ್ತು. “ಏನೋ ಫಿಲ್ಟರು, ಡಿಕಾಕ್ಷನ್ ಇಳೀತಾ?” ಎಂದು ಬಸ್ ಸ್ಟಾಂಡಿನಲ್ಲಿ ಕೇಳುವರು. “ಇಳ್ದೈತೆ ಮಾರಾಯ, ಲೋಟ ತಗಂಬಾ” ಎನ್ನುವನು. ನಾನೂ ಅವರ ಜೊತೆ ನಕ್ಕಿದ್ದೇನೆ. ಹೊಸದಾಗಿ ಮದುವೆಯಾಗಿ ಬಂದ ಮಂಗಳಳಿಗೆ ಈ ಕತೆ ಹೇಳಿದವಳೂ ನಾನೇ, ಊರು ಹೇಳುವ ಹಾಗೆಯೇ, ಪುಡಿ ತುಂಬಿಕೊಂಡವನು ಅವನೇ ಎಂದು.

ಇವತ್ತು ಮಾತ್ರ ನಗು ಬರಲಿಲ್ಲ. “ಮಂಗಳ, ಅವತ್ತು ಪುಡಿ ತುಂಬಿದ್ದು ನಾನು” ಎಂದೆ.

ರುದ್ರ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅಕ್ಕಂಗೆ ವಯಸ್ಸಾಯ್ತು ಕಣೇ, ಏನೇನೋ ಅಂತಾಳೆ” ಎಂದ. ಮಂಗಳ ನಕ್ಕುಬಿಟ್ಟಳು.

ಇವತ್ತೂ ಅವನೇ ನನ್ನನ್ನು ಬಿಡಿಸಿದ್ದ. ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು.

“ಇಲ್ಲ ಮಂಗಳ, ಒಲೆ ಆರಿಸಿ ಬಂದು ಕೂತ್ಕೋ” ಎಂದೆ.

ಅವಳು ನನ್ನ ಮುಖ ನೋಡಿ ಬಂದು ಕೂತಳು. ನಾನು ಮೊದಲಿನಿಂದ ಹೇಳತೊಡಗಿದೆ. ರುದ್ರ ಎದ್ದು ಹೋಗಲಿಲ್ಲ; ಎಂಜಲು ಕೈ ಒಣಗುವ ತನಕ ಕೂತು ಕೇಳಿದ.