ಅಮ್ಮನಿಗೆ ತೆರೆಯದ ಫೋಲ್ಡರು

ಓಣಿಯವರು ಅವಳಿಗೆ ಇಟ್ಟ ಹೆಸರು ಬಾಯಿಬೀಗ. ಹತ್ತೊಂಬತ್ತು ವರ್ಷದಿಂದ ಮನೆಯಲ್ಲೇ ಕೂತು, ಆಸ್ಪತ್ರೆಯ ಡಾಕ್ಟರುಗಳು ಮಾತಿನಲ್ಲಿ ಹೇಳಿ ಕಳಿಸಿದ ವರದಿಗಳನ್ನು ಕೇಳಿ ಟೈಪು ಮಾಡುವವಳು. ಯಾರಿಗೇನು ಕಾಯಿಲೆ ಎಂದು ಕೆದಕಿದವರಿಗೆಲ್ಲ ಅವಳದು ಒಂದೇ ಉತ್ತರ: "ಕಿವಿಯಿಂದ ಬೆರಳಿಗೆ ಇಳಿದುಹೋಗುತ್ತೆ ಕಣ್ರೀ, ಬಾಯಿಗೆ ದಾರಿಯೇ ಇಲ್ಲ."

ಮನೆಯಲ್ಲಿ ಎರಡು ಕಂಪ್ಯೂಟರು. ಅವಳದು ಮೆಟ್ಟಿಲ ಪಕ್ಕದ ಕೋಣೆಯಲ್ಲಿ, ಇನ್ನೊಂದು ಪ್ರಿಂಟರಿನ ಜೊತೆ ನಡುಮನೆಯಲ್ಲಿ. ವೈರಿಂಗ್ ಕೆಲಸದ ತಮ್ಮ ಎರಡನ್ನೂ ಜೋಡಿಸಿ, ಅವಳ ಫೋಲ್ಡರು ಎರಡೂ ಕಡೆ ಕಾಣುವಂತೆ ಮಾಡಿಕೊಟ್ಟಿದ್ದ. ಮಧ್ಯಾಹ್ನ ಮೂರಾಯಿತೆಂದರೆ ಅಮ್ಮ ಕನ್ನಡಕ ಏರಿಸಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂರುವಳು. ಪಟ್ಟಿಗೆ ಗುರುತು ಹಾಕುತ್ತ ಒಂದೊಂದೇ ವರದಿಯ ಪ್ರಿಂಟ್ ತೆಗೆದು, ಮಡಿಸಿ ಲಕೋಟೆಗೆ ಹಾಕುವಳು. ವರದಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಅಮ್ಮ ಓದಿದರೂ ಯಾರ ಗುಟ್ಟೂ ಬಯಲಾಗುತ್ತಿರಲಿಲ್ಲ.

ಆ ಶನಿವಾರ ಹನ್ನೆರಡನೆಯ ವರದಿಗೆ ಕಿವಿಗೊಟ್ಟಳು. ಡಾಕ್ಟರು ನಂಬರು ಹೇಳಿದರು: ನಾಲ್ಕು, ಸೊನ್ನೆ, ಒಂದು, ಏಳು. ಬೆರಳು ನಿಂತಿತು. ಅದೇ ನಂಬರಿನ ಚೀಟಿ ನಾಲ್ಕು ದಿನದಿಂದ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅಮ್ಮನ ಹೊಟ್ಟೆಯ ಸ್ಕ್ಯಾನಿನದು. ಸೋಮವಾರ ಬನ್ನಿ, ಎದುರಿಗೆ ಕೂರಿಸಿ ಹೇಳುತ್ತೇನೆ ಎಂದಿದ್ದರು ಡಾಕ್ಟರು.

ಕಣ್ಣೊರೆಸಿಕೊಂಡು ಕೊನೆಯ ಸಾಲಿನವರೆಗೂ ಟೈಪು ಮಾಡಿದಳು. ಒಳ್ಳೆಯ ಸುದ್ದಿಯಾಗಿರಲಿಲ್ಲ. ಗಂಟೆ ಎರಡೂವರೆ. ಅಮ್ಮ ಇದನ್ನು ಪ್ರಿಂಟರಿನ ಬಾಯಿಂದ ತಿಳಿಯಬಾರದು. ಅದೊಂದನ್ನೇ ಬಚ್ಚಿಡೋಣವೆಂದರೆ ಅಮ್ಮ ಗುರುತು ಹಾಕುವ ನಂಬರಿನ ಪಟ್ಟಿಯೂ ಆ ಫೋಲ್ಡರಿನಲ್ಲೇ ಇತ್ತು. ಇಡೀ ಫೋಲ್ಡರನ್ನೇ ಮುಚ್ಚಬೇಕು.

ಫೋಲ್ಡರು ಯಾರಿಗೆ ಕಾಣಬೇಕೆಂಬ ಅನುಮತಿಯ ಪಟ್ಟಿ ತೆರೆದು, 'ಎಲ್ಲರೂ' ಎಂಬ ಸಾಲಿನ ಮುಂದೆ 'ನಿರಾಕರಿಸು' ಎಂಬಲ್ಲಿ ಗುರುತು ಹಾಕಿದಳು. ಮರುಕ್ಷಣ ಫೋಲ್ಡರು ಅವಳಿಗೂ ತೆರೆಯಲಿಲ್ಲ. ಸಂಜೆಯೊಳಗೆ ಹೋಗಬೇಕಾದ ಹನ್ನೆರಡು ವರದಿಯೂ ಒಳಗೇ ಉಳಿದವು.

ಊಟಕ್ಕೆ ಬಂದಿದ್ದ ತಮ್ಮನನ್ನು ಕೈಸನ್ನೆ ಮಾಡಿ ಕರೆದಳು.

"ಎಲ್ಲರೂ ಅಂದ್ರೆ ಅದ್ರಲ್ಲಿ ನೀನೂ ಬಂದೆಯಲ್ಲಕ್ಕಾ," ಎಂದು ತಮ್ಮ ನಕ್ಕ. "ನಿಂಗೆ ಎಷ್ಟೇ ಅನುಮತಿ ಇದ್ರೂ ಈ ನಿರಾಕರಣೆನೇ ಗೆಲ್ಲೋದು. 'ಎಲ್ಲರೂ' ಅನ್ನೋ ಸಾಲನ್ನೇ ಅಳಿಸಿ, ನಿನ್ನ ಹೆಸರೊಂದನ್ನ ಉಳಿಸಿದ್ರೆ ಸಾಕಿತ್ತು. ಅಷ್ಟಕ್ಕೂ ಯಾರಿಂದ ಮುಚ್ಚಿಡ್ತಿದೀಯ? ಮನೇಲಿರೋದೇ ಮೂರು ಜನ."

ಅವಳ ಮುಖ ನೋಡಿದವನು ಮತ್ತೆ ಕೇಳಲಿಲ್ಲ. ಸರಿ ಮಾಡಿ, ಒಳಗೆ ಕಣ್ಣು ಹಾಯಿಸದೆ ಎದ್ದುಹೋದ.

ಮೂರಕ್ಕೆ ನಡುಮನೆಯಿಂದ ಅಮ್ಮನ ದನಿ ಬಂತು. "ಏನೇ ಇದು, ಅನುಮತಿ ಇಲ್ಲ ಅಂತಿದೆ. ನಿನ್ನ ತಮ್ಮ, ಆ ತಂತಿರಾಯ, ಏನು ಕಿತ್ತುಹಾಕಿದ್ನೋ."

"ಅವನಲ್ಲಮ್ಮ, ನಾನೇ. ಇವತ್ತು ನಾನೇ ಪ್ರಿಂಟ್ ತೆಗೀತೀನಿ, ನೀನು ಮಲಕ್ಕೋ."

ಅಮ್ಮ ಕನ್ನಡಕ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದು ನಿಂತಳು.

"ಇಷ್ಟು ವರ್ಷ ಊರವರ ಕಾಯಿಲೆಯೆಲ್ಲ ನನ್ನ ಕೈಲೇ ಮಡಿಸಿದೆ. ಇವತ್ತೊಂದು ದಿನ ಬಾಗಿಲು ಹಾಕಿದೀಯ ಅಂದ್ರೆ, ನಂದು ಬಂದಿದೆ."

ಕಣ್ಣಿಗೂ ಬೀಗ ಹಾಕುವ ವಿದ್ಯೆ ಅವಳಿಗೆ ಬರುತ್ತಿರಲಿಲ್ಲ.

ಅಮ್ಮ ಅವಳ ತಲೆ ಸವರಿದಳು. "ಹೇಳ್ಬೇಡ ಬಿಡು. ಸೋಮವಾರ ಡಾಕ್ಟರೇ ಹೇಳಲಿ. ನೀನು ಪಕ್ಕದಲ್ಲಿ ಕೂತಿದ್ರೆ ಸಾಕು. ಈಗ ಉಳಿದಿದ್ದನ್ನ ಈ ಕಡೆ ಕಳ್ಸು, ಲಕೋಟೆ ಕಾಯ್ತಿವೆ."

ಹನ್ನೊಂದು ವರದಿ ನಡುಮನೆಗೆ ಹೋದವು. ಅಮ್ಮ ಒಂದೊಂದನ್ನೂ ಅಂಚಿಗೆ ಅಂಚು ಸೇರಿಸಿ ಮಡಿಸಿದಳು. ಹನ್ನೆರಡನೆಯ ಲಕೋಟೆಯನ್ನು ಖಾಲಿಯೇ ತಂದು ಮಗಳ ಮೇಜಿನ ಮೇಲಿಟ್ಟಳು.