ನೆಳ್ಳು ಸಾರ್ ಓಡಿದ್ದು

ರಾಯದುರ್ಗದ ನಮ್ಮ ಶಾಲೆಯಲ್ಲಿ ರಂಗಪ್ಪ ಮಾಸ್ತರು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ಅವರು ಡ್ರಿಲ್ ಮಾಸ್ತರು. ಎಂಥ ಬಿಸಿಲಲ್ಲೂ ತುಂಬುತೋಳಿನ ಅಂಗಿ, ಕುತ್ತಿಗೆಯವರೆಗೆ ಗುಂಡಿ, ಕೊರಳಲ್ಲಿ ಸೀಟಿ. ಮೈದಾನದ ಅಂಚಿನ ಬೇವಿನ ಕೆಳಗೆ ನಿಂತು ನಮ್ಮನ್ನು ಓಡಿಸುತ್ತಿದ್ದರು. ನೆರಳು ಸರಿದಂತೆ ತಾವೂ ಸರಿಯುತ್ತಿದ್ದರು. ಹುಡುಗರು ಅವರಿಗೆ ‘ನೆಳ್ಳು ಸಾರ್’ ಎಂದು ಹೆಸರಿಟ್ಟಿದ್ದು ಅವರಿಗೂ ಗೊತ್ತಿತ್ತು.

“ಮಂಡಿ ಎತ್ರಲಾ! ರೇಷ್ಮೆಹುಳ ಹರಿದಂಗೆ ಹೋಗ್ತೀರಲ್ಲ!” ಎಂದು ಕೂಗುತ್ತಿದ್ದರು. ಮಡಕಶಿರಾ ಕಡೆಯವರು, ಅವರ ಮನೆಯವರಿಗೆ ಹಿಪ್ಪುನೇರಳೆ ತೋಟವಿತ್ತು. ಅವರ ಮಾತಿನ ವರಸೆಯನ್ನು ನಾವು ಹಿಂದಿನಿಂದ ಅಣಕಿಸುತ್ತಿದ್ದೆವು.

ಓಟದಲ್ಲಿ ಶಾಲೆಗೇ ಮುಂದಿದ್ದವಳು ನನ್ನ ತಂಗಿ ಮಾರೆಕ್ಕ. ಆದರೆ ಓಡಿ ಬೆವರಿದ ದಿನ ಅವಳ ಕುತ್ತಿಗೆ, ತೋಳು, ಎದೆಯ ಮೇಲೆಲ್ಲ ಇರುವೆ ಕಚ್ಚಿದಂತೆ ಸಣ್ಣ ದದ್ದುಗಳು ಏಳುತ್ತಿದ್ದವು. ಉರಿ, ತುರಿಕೆ. ಪಿತ್ತದ ಗಂಧೆ ಎಂದಳು ಅವ್ವ. ಕುರಿ ಸಾಕುವ ಮನೆ ನಮ್ಮದು. ಗಂಧೆಗೆ ನಮ್ಮಲ್ಲಿ ಮದ್ದೆಂದರೆ ಕಂಬಳಿ. ಮೈತುಂಬ ಸುತ್ತಿ ಗಸಗಸ ತಿಕ್ಕುವುದು. ತಿಕ್ಕಿದಷ್ಟೂ ದದ್ದು ಹೆಚ್ಚಾದರೆ ಅವ್ವನಿಗೆ ಸಮಾಧಾನ. “ಒಳಗಿಂದು ಹೊರಗ ಬರ್ಲಿ ಬಿಡು” ಎನ್ನುತ್ತಿದ್ದಳು.

ಬೆಳುಗುಪ್ಪದಲ್ಲಿ ಶಾಲೆಗಳ ಆಟೋಟ ಹತ್ತಿರ ಬಂದಾಗ ಅವ್ವ ಮಾರೆಕ್ಕನ ಓಟ ನಿಲ್ಲಿಸಿಬಿಟ್ಟಳು. ವಿಷಯ ತಿಳಿದು ಮಾಸ್ತರು ಮನೆಗೇ ಬಂದರು. ಅಂದೂ ಕುರಿಗಳ ಹಿಂದೆ ಓಡಿ ಬಂದಿದ್ದ ಮಾರೆಕ್ಕ ಕಂಬಳಿಯೊಳಗೆ ಅಳುತ್ತ ಕೂತಿದ್ದಳು.

“ಮೊದ್ಲು ಕಂಬ್ಳಿ ತೆಗೀರಮ್ಮ. ಮೈ ಬಿಸಿಯಾಗಿಯೇ ಎದ್ದಿರೋದು ಅದು. ಮೇಲೆ ಮತ್ತೆ ಬಿಸಿ ಹೊದಿಸ್ತೀರಲ್ಲ!”

“ನಮ್ಮ ಹಿರ್ಯಾರೆಲ್ಲ ಹಿಂಗ ಇಳಿಸ್ಯಾರ್ರಿ. ಹೆಣ್ಮಗಳ ಮೈ ನೋಡ್ರಿ ಸಾರ್, ನಾಳಿ ಯಾರು ಮಾಡಿಕೊಂತಾರ? ಓಡಾಕ ಕಳಸಂಗಿಲ್ಲ. ನೀವು ನೆಳ್ಳಾಗ ನಿಂತು ಸೀಟಿ ಊದಾವ್ರು, ಓಡಿದ ಮೈ ಹೆಂಗಿರ್ತದ ನಿಮಗೇನು ಗೊತ್ತು?”

ಮಾಸ್ತರು ಕೊರಳಿನ ಸೀಟಿ ತೆಗೆದರು. ಅದನ್ನು ಕಟ್ಟೆಯ ಮೇಲಿಟ್ಟು ಓಡತೊಡಗಿದರು. ಸುಡುಬಿಸಿಲಲ್ಲಿ ನಮ್ಮ ಕುರಿಹಟ್ಟಿಯ ಸುತ್ತ ಸುತ್ತಿದ್ದೇ ಸುತ್ತಿದ್ದು. ನನ್ನ ನೆನಪು ಹೀಗಿದೆ. ಮಾರೆಕ್ಕ ಇದನ್ನು ಒಪ್ಪುವುದಿಲ್ಲ. “ಅಂಗಳದಾಗ ಬಸ್ಕಿ ಹೊಡದ್ರು, ನಾನೇ ಎಣಿಸೀನಿ” ಎನ್ನುತ್ತಾಳೆ. ಯಾವುದಕ್ಕೂ ಪುರಾವೆ ಕೇಳಬೇಕೆಂದು ವಿಶ್ವವಿದ್ಯಾಲಯದಲ್ಲಿ ಕಲಿತವನು ನಾನು. ಇಲ್ಲಿ ನನ್ನ ಬಳಿಯೇ ಪುರಾವೆಯಿಲ್ಲ.

ಮುಂದಿನದರಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು. ಮಾಸ್ತರು ಏದುಸಿರು ಬಿಡುತ್ತ ಬಂದು ಅಂಗಿಯ ಗುಂಡಿ ಬಿಚ್ಚಿದರು. ಕುತ್ತಿಗೆಯಿಂದ ಎದೆಯವರೆಗೆ ಅವೇ ದದ್ದುಗಳು. ಅವ್ವ ಗಾಬರಿಯಾಗಿ ಮಾರೆಕ್ಕನ ಮೈಮೇಲಿನ ಕಂಬಳಿ ಕಿತ್ತುಕೊಂಡು ಅವರ ಕಡೆಗೇ ಹೊರಟಳು.

“ಅಯ್ಯೋ ತಾಯಿ, ಬ್ಯಾಡ! ನನ್ನನ್ನ ಸಾಯಿಸ್ಬೇಡಿ!”

ಅಳುತ್ತಿದ್ದ ಮಾರೆಕ್ಕ ನಕ್ಕುಬಿಟ್ಟಳು. ಮಾಸ್ತರು ನೆರಳಲ್ಲಿ ಕೂತು, ಒದ್ದೆ ಟವೆಲ್ ತಮ್ಮ ಕುತ್ತಿಗೆಗೊಂದು, ಅವಳ ಕುತ್ತಿಗೆಗೊಂದು ಹಾಕಿಸಿದರು. ಅವ್ವ ಇಬ್ಬರನ್ನೂ ಕಣ್ಣು ಕೀಳದೆ ನೋಡುತ್ತ ಕೂತಳು. ಮೆಲ್ಲಗೆ ಎರಡೂ ಮೈ ತಣ್ಣಗಾದವು, ದದ್ದು ಇಳಿದವು.

ಅನಂತಪುರದ ಡಾಕ್ಟರು ಬರೆದ ಮಾತ್ರೆಯನ್ನು ತಾವು ನುಂಗುತ್ತಿರುವುದಾಗಿ ಮಾಸ್ತರು ಹೇಳಿದರು. ಮಾರೆಕ್ಕನನ್ನೂ ಅವರಿಗೆ ತೋರಿಸಬೇಕು, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು ಎಂದರು. ಹೊರಡುವಾಗ ದನಿ ತಗ್ಗಿತು. “ಶಾಲೆಯಲ್ಲಿ ಹೇಳ್ಬೇಡಿ ಕಣಮ್ಮ. ಓಡಕ್ಕಾಗದೋನಿಗೆ ಡ್ರಿಲ್ ಮೇಷ್ಟ್ರ ಕೆಲ್ಸ ಯಾಕೆ ಅಂತಾರೆ. ಸೋಮಾರಿ ಅಂದ್ರೆ ಅನ್ಲಿ.”

“ಕುರಿ ಮ್ಯಾಲ ಆಣಿ ಸಾರ್, ಬಾಯಿ ಬಿಡಂಗಿಲ್ಲ” ಎಂದಳು ಅವ್ವ. ಬಿಡಲೂ ಇಲ್ಲ.

ಡಾಕ್ಟರಿಗೆ ತೋರಿಸಿದ ಮೇಲೆ ಅವ್ವ ತಡೆಯಲಿಲ್ಲ, ಮಾರೆಕ್ಕ ಬೆಳುಗುಪ್ಪದಲ್ಲಿ ಓಡಿದಳು. ಎರಡನೆಯವಳಾಗಿ ಬಂದಳೆಂದು ನಾನು, ಮೊದಲನೆಯವಳಾಗಿ ಎಂದು ಅವಳು.

ನಿವೃತ್ತರಾಗಿ ಊರು ಸೇರಿದ ಮಾಸ್ತರನ್ನು ಒಮ್ಮೆ ಮಡಕಶಿರಾದಲ್ಲಿ ಹುಡುಕಿಕೊಂಡು ಹೋದೆ. ಓಟವೋ ಬಸ್ಕಿಯೋ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ, “ನಿಮ್ಮವ್ವ ಕೊಟ್ಟ ಮಜ್ಜಿಗೆ ನೆನಪೈತೆ ಕಣಪ್ಪ” ಎಂದರು.

ಮಾತಿನಲ್ಲಿ ಹೊತ್ತು ಹೋಗಿ, ನಾವು ರಸ್ತೆಗೆ ಬರುವಷ್ಟರಲ್ಲಿ ನನ್ನ ಬಸ್ಸು ಹೊರಟಿತ್ತು. “ಏಯ್, ನಿಲ್ಸಯ್ಯಾ!” ಎಂದು ಕೂಗುತ್ತ ಮುದುಕರು ಓಡಿಯೇ ಬಿಟ್ಟರು. ನಾನು ಹಿಂದೆ ಉಳಿದೆ. ಬಸ್ಸು ನಿಂತಿತು, ನಾನು ಹತ್ತಿ ಕೂತ ಮೇಲೂ ಹೇಮಾವತಿ ಕಡೆಯ ಆಟೋದಿಂದ ಇಳಿದವರನ್ನೂ ಹತ್ತಿಸಿಕೊಳ್ಳುತ್ತ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಮಾಸ್ತರು ಮೇಲಿನ ಗುಂಡಿ ಬಿಚ್ಚಿಕೊಂಡು ನನ್ನ ಕಿಟಕಿಯ ಕೆಳಗೆ ನಿಂತು ಏದುಸಿರಿನಲ್ಲೇ ನಗುತ್ತಿದ್ದರು.

ಈಚೆಗೆ ಅವರು ತೀರಿಕೊಂಡ ಸುದ್ದಿಯನ್ನು ಮಾರೆಕ್ಕ ಫೋನಿನಲ್ಲಿ ಹೇಳಿದಳು. “ಏನ್ ಬಸ್ಕಿ ಹೊಡದ್ರಣ್ಣ ಅವತ್ತು” ಎಂದಳು. ನಾನು ವಾದಿಸಲಿಲ್ಲ. ಬಸ್ಸಿನ ಕಿಟಕಿಯಿಂದ ಅಂದು ಕಂಡದ್ದು ನನಗೆ ಸಾಕು. ಅವರ ಕುತ್ತಿಗೆಯ ಮೇಲೆ ಒಂದೊಂದಾಗಿ ದದ್ದು ಏಳುತ್ತಿದ್ದವು. ಸುತ್ತ ಅಷ್ಟು ಜನರಿದ್ದರೂ ಅವರು ಮೇಲಿನ ಗುಂಡಿ ಹಾಕಿಕೊಳ್ಳಲಿಲ್ಲ.