ದ್ರಾಕ್ಷಾಯಿಣಿಯ ಶನಿವಾರದ ಬೈಗುಳ

ಕೆನಡಾದ ಮಾಲ್ಟನ್ನಿನ ಸ್ಟುಡಿಯೊದಿಂದ ಶನಿವಾರ ರಾತ್ರಿ ಟೀವಿಯಲ್ಲಿ ಕನ್ನಡಿಗರನ್ನು ನಗಿಸುವ ಧಾರವಾಡದ ದ್ರಾಕ್ಷಾಯಿಣಿಗೆ, ಅದೇ ಹೊತ್ತಿಗೆ ಇನ್ನೊಂದು ಚಾನೆಲ್ಲಿನಲ್ಲಿ ನಗಿಸುವ ಮೈಸೂರಿನ ಸುಧನ್ವನನ್ನು ಹಂಗಿಸದಿದ್ದರೆ ಮಾತೇ ಹೊರಡದು. ಅವನ ಜೋಕು ಅರ್ಥವಾಗುವಷ್ಟರಲ್ಲಿ ಅಂಗಳದ ಹಿಮ ಕರಗಿರುತ್ತದೆ ಎನ್ನುತ್ತಾಳೆ. ಅವಳ ಗಂಟಲಿಗೆ ಹೆದರಿ ಪಕ್ಕದ ಏರ್‌ಪೋರ್ಟಿನಲ್ಲಿ ವಿಮಾನಗಳೇ ಇಳಿಯುತ್ತಿಲ್ಲ ಎಂದು ಅವನು ತಿರುಗೇಟು ಕೊಡುತ್ತಾನೆ. ಅವನಿಗೆ ಕ್ಯಾನ್ಸರ್ ಎಂದು ತಿಳಿದಾಗ ಅವಳ ಚಾನೆಲ್ಲಿನ ಮ್ಯಾನೇಜರ್, “ಇನ್ಮೇಲೆ ಅವರ ತಮಾಷೆ ಬೇಡ ಮೇಡಂ” ಎಂದರು. ಆ ಶನಿವಾರ ಅವಳು ಅವನ ಹೆಸರೆತ್ತಲಿಲ್ಲ. ಮರುದಿನವೇ ಆಸ್ಪತ್ರೆಯಿಂದ ಸುಧನ್ವನ ಫೋನು: “ಯಾಕ್ರೀ, ನಿನ್ನೆ ನನ್ನ ಬೈಯ್ಲೇ ಇಲ್ವಲ್ಲ? ಸತ್ತೇ ಹೋದೆ ಅಂದ್ಕೊಂಡ್ರಾ?” ಮುಂದಿನ ಶನಿವಾರ ಮ್ಯಾನೇಜರ್ ಬೇಡವೆಂದು ಕೈಯಾಡಿಸುತ್ತಿದ್ದಂತೆಯೇ ಅವಳು ಕ್ಯಾಮೆರಾವನ್ನು ದಿಟ್ಟಿಸಿ, “ಏ ಸುಧನ್ವಾ, ಕೀಮೋಕ್ಕ ಕೂದಲಾ ಹೋದ್ರ ಹೋಗ್ಲಿ ಬಿಡೋ, ನಿನ್ನ ಜೋಕಿಗೆ ತಲಿ ಯಾವಾಗರ ಇತ್ತೇನು?” ಎಂದಳು.